ಗೊಟ್ಟದ ಎರಡು ಬಡಿತ

ಹೋದ ತಿಂಗಳು ಕುಂದಗೋಳದ ನಮ್ಮ ದನದ ದವಾಖಾನೆಗೆ ಒಬ್ಬ ಮುದುಕಿ ಬಂದು, ಹಳೇ ಧೋತರದ ತುಂಡಿನಲ್ಲಿ ಸುತ್ತಿದ್ದ ಗಂಟೊಂದನ್ನು ನನ್ನ ಮೇಜಿನ ಮೇಲೆ ಇಟ್ಟಳು. ಬಿಚ್ಚುವ ಮೊದಲೇ ಕಮಟು ಹಿಡಿದ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಇನ್ನೊಂದು ವಾಸನೆಯೂ ಬಂತು, ಮದವೇರಿದ ಗಂಡಾನೆಯ ಕೆನ್ನೆಯ ಮೇಲಿಂದ ಸೋರುವ ನೀರಿನ ವಾಸನೆ... ಅದು ಆ ಗಂಟಿನಲ್ಲಿ ಇರಲು ಸಾಧ್ಯವಿರಲಿಲ್ಲ. ಆದರೂ ನನಗೆ ಬಂತು.

ಗಂಟಿನಲ್ಲಿದ್ದದ್ದು ಗೊಟ್ಟ. ದನಗಳ ಬಾಯಿಗೆ ಎಣ್ಣೆ, ಔಷಧಿ ಹೊಯ್ಯಲು ನಮ್ಮ ಕಡೆ ಮನೆಮನೆಯಲ್ಲೂ ಇರುತ್ತಿದ್ದ, ಒಂದು ತುದಿ ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಹಿಡಿದು ಹಿಡಿದು ನಡುವೆ ಕಪ್ಪಗೆ ನುಣ್ಣಗಾಗಿತ್ತು. ಯಾರ ಕೈಯಿಂದ ಹಾಗಾಗಿತ್ತೆಂದು ಕೇಳುವ ಅಗತ್ಯ ನನಗಿರಲಿಲ್ಲ.

ಮುದುಕಿ, ಆ ಗೊಟ್ಟ ಹಿಡಿಯುತ್ತಿದ್ದ ಕಾಕಾನ ಹೆಂಡತಿ. ಅವಳನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಕಾಕಾ ತೀರಿಕೊಂಡು ಹದಿನೈದು ದಿನ ಆಗಿತ್ತಂತೆ. "ಇದನ್ನ ಡಾಕ್ಟರವ್ವಗ ಕೊಡು, ಯಾರಿಗಿ ಮುಟ್ಟಿಸಬೇಕಂತ ಆಕಿಗಿ ಗೊತ್ತೈತಿ ಅಂದಿದ್ರವಾ," ಎಂದಳು. ನಾನು ತರಿಸಿದ ಚಹಾ ಕುಡಿದು, ನವಲಗುಂದದ ಬಸ್ಸು ತಪ್ಪೀತೆಂದು ಎದ್ದು ಹೋದಳು. ಅವಳ ಮುಖ ನೋಡಿ ಮಾತಾಡುವ ಧೈರ್ಯ ನನಗೆ ಆಗಲಿಲ್ಲ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಕಲಘಟಗಿ ದಾಟಿ ಕಾಡು ಶುರುವಾಗುವ ಅಂಚಿನಲ್ಲಿ ಆಗ ಒಂದು ಸಣ್ಣ ಮೃಗಾಲಯ ಇತ್ತು, ಈಗ ಮುಚ್ಚಿದೆ. ನಾನು ಅಲ್ಲಿಗೆ ಹೊಸದಾಗಿ ಸೇರಿದ ಪಶುವೈದ್ಯೆ, ಅವನು ಗಂಡಾನೆಯನ್ನು ನೋಡಿಕೊಳ್ಳುವವನು. ನಾನು ಅವನ ಸೀಮೆಯದೇ ಹಳ್ಳಿ ಯರಗುಪ್ಪಿಯವಳೆಂದು ಗೊತ್ತಾದ ದಿನವೇ 'ಮೇಡಂ' ಹೋಗಿ 'ಡಾಕ್ಟರವ್ವಾ' ಆಯಿತು. ಅವನ ಊರು ನವಲಗುಂದದ ಕಡೆಯ ತಿರ್ಲಾಪುರ. ಅವನ ಮನೆತನದವರು ಊರಿಗೆಲ್ಲ ತಳಿ ಹೋರಿ ಸಾಕಿದವರು. ಸುತ್ತಲಿನ ಹಳ್ಳಿಗಳಿಂದ ಆಕಳು ಹೊಡೆದುಕೊಂಡು ಅವರ ಹಿತ್ತಲಿಗೆ ಬರುತ್ತಿದ್ದರಂತೆ. ಹೋರಿ ಸಾಕಿದವನಿಗೆ ಆನೆ ಯಾವ ಲೆಕ್ಕ ಎಂದು ಯಾರೋ ಅವನನ್ನು ಈ ಕೆಲಸಕ್ಕೆ ಹಚ್ಚಿದ್ದರು. ಅವನೂ ಹಾಗೆಯೇ ನಂಬಿದ್ದ. ನಮ್ಮ ಕಥೆ ಕೆಟ್ಟದ್ದು ಆ ನಂಬಿಕೆಯಿಂದಲೇ.

ಗಂಡಾನೆಗೆ ಕಾಕಾ ಇಟ್ಟ ಹೆಸರು ಗೌಡ. ಮರ ಎಳೆಯುವ ಕ್ಯಾಂಪಿನಿಂದ ಬಂದ ಆನೆ. ಕಾಲಿಗೆ ವರ್ಷಗಟ್ಟಲೆ ಸರಪಳಿ ಬಿಗಿದ ಕಡೆ ಬಳೆಯಂಥ ಗಾಯದ ಗುರುತು ಇತ್ತು. ನಮ್ಮಲ್ಲಿ ಬಂದ ಮೇಲೆ ಅದರ ಸರಪಳಿ ಬಿಚ್ಚಿದ್ದೆವು. ದಪ್ಪ ಕಬ್ಬಿಣದ ಸರಳುಗಳ ಆಚೆ ಆನೆ, ಈಚೆ ನಾವು. ಯಾರೂ ಒಳಗೆ ಹೋಗುವ ಹಾಗಿಲ್ಲ. ಎಲ್ಲ ಕೆಲಸವೂ ಸರಳಿನ ಸಂದಿಯಿಂದಲೇ. ತುದಿಗೆ ಚೆಂಡು ಕಟ್ಟಿದ ಕೋಲು ತೋರಿಸಿ, ನಾವು ಹೇಳಿದ ಹಾಗೆ ಆನೆ ಕಾಲೋ ಕಿವಿಯೋ ಸಂದಿಗೆ ತಂದರೆ ಒಂದು ತುಂಡು ಬೆಲ್ಲ ಕೊಟ್ಟು ಕಲಿಸಬೇಕು. ತರಬೇತಿ ಕೊಡಲು ಬಂದವರು ಬಿಟ್ಟು ಹೋದ ಆ ಕೋಲನ್ನು ಕಾಕಾ ಎರಡು ದಿನ ತಿರುಗಿಸಿ ಮುರುಗಿಸಿ ನೋಡಿ ಮೂಲೆಗೆಸೆದ. ಮರುದಿನ ಮನೆಯಿಂದ ಈ ಗೊಟ್ಟ ತಂದ.

"ಆನಿಗಿ ಗೊಟ್ಟದಾಗ ಎಣ್ಣಿ ಕುಡಸಾವ್ರ ಅದೀರೇನ್ರಿ ಕಾಕಾ?" ಎಂದು ನಾನು ನಕ್ಕಿದ್ದೆ.

"ನಗು ನಗು. ಇದು ನಮ್ಮಪ್ಪನ ಕೈಯಾಗಿಂದು. ಹೋರಿ ಇದರ ಮಾತ ಕೇಳ್ತಿತ್ತು, ಇವ ಕೇಳೂದಿಲ್ಲೇನು?"

ಕೇಳಿತು. ಗೊಟ್ಟದಿಂದ ಸರಳಿಗೆ ಎರಡು ಸಲ ಬಡಿದು "ಗೌಡಾ, ಕಿವಿ ತಾ" ಎಂದರೆ ಆ ಗುಡ್ಡದಂಥ ಪ್ರಾಣಿ ನಿಧಾನಕ್ಕೆ ತಿರುಗಿ, ಸಂದಿಗೆ ತಲೆ ಒತ್ತಿ, ಕಿವಿಯನ್ನು ಹೊರಗೆ ಚಾಚುತ್ತಿತ್ತು. ಕಾಕಾ ಕಿವಿಯ ಹಿಂದೆ ಅಂಗೈ ಇಟ್ಟು ನಿಲ್ಲುತ್ತಿದ್ದ. ನಾನು ಅಲ್ಲಿನ ನರಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಿದ್ದೆ. ಗೌಡ ಒಂದು ಸಲವೂ ಅಲುಗಲಿಲ್ಲ. ಅಷ್ಟು ನಂಬಿಕೆ ನನ್ನ ಮೇಲೆ ಮನುಷ್ಯರು ಯಾರೂ ಇಟ್ಟಿಲ್ಲ. ಇಡಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಪಕ್ಕದ ಅಂಗಳದಲ್ಲಿ ಬಂಗಾರಿ ಎಂಬ ಹೆಣ್ಣಾನೆ ಇತ್ತು. ಒಮ್ಮೆಯೂ ಮರಿ ಹಾಕಿರಲಿಲ್ಲ. ಹೆಣ್ಣಾನೆ ಎಳೆ ವಯಸ್ಸಿನಲ್ಲಿ ಗಬ್ಬವಾಗದಿದ್ದರೆ ಮುಂದೆ ಆಗುವುದೇ ಕಷ್ಟ. ಬೆದೆಗೆ ಬರುವುದೋ ಸುಮಾರು ನಾಲ್ಕು ತಿಂಗಳಿಗೊಮ್ಮೆ, ಅದೂ ಎರಡು ಮೂರು ದಿನ ಮಾತ್ರ. ಹೀಗಿರುವಾಗ ಮೇಲಿನಿಂದ ಒಂದು ಕಾಗದ ಬಂತು. ಈ ಸಲ ಬಂಗಾರಿ ಕೂಡದೆ ಹೋದರೆ ಗಂಡಾನೆಯನ್ನು ಇಟ್ಟುಕೊಂಡು ಉಪಯೋಗವಿಲ್ಲ, ದೂರದ ಇನ್ನೊಂದು ಮೃಗಾಲಯಕ್ಕೆ ಕಳಿಸುತ್ತೇವೆ ಎಂದು ಬರೆದಿತ್ತು. ಆ ಮೃಗಾಲಯವನ್ನು ನಾನು ನೋಡಿದ್ದೆ. ಗಂಡಾನೆಗೆ ಅಂಗಳ ಇಲ್ಲ. ಒಂದು ತಗಡಿನ ಶೆಡ್ಡು, ಸಿಮೆಂಟಿನ ನೆಲ, ನಾಲ್ಕೂ ಕಾಲಿಗೆ ಸರಪಳಿ.

ಕಾಗದವನ್ನು ಕಾಕಾನಿಗೆ ಓದಿ ಹೇಳಿದೆ. ಮರುದಿನ ರಜೆ ಹಾಕಿ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದ. ಒಂದು ಚಿಟಿಕೆ ಗೌಡನಿಗೆ, ಒಂದು ಚಿಟಿಕೆ ಬಂಗಾರಿಗೆ, ಒಂದು ಚಿಟಿಕೆ ನನಗೆ. "ನೀನೂ ತಿನ್ನವಾ, ನಿನ್ನ ಕೈಯಾಗೂ ಐತಿ," ಎಂದ.

ಗ್ರಹಚಾರವೆಂದರೆ ಬಂಗಾರಿಯ ಬೆದೆ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಗೌಡನಿಗೆ ಮದವೇರಿತು. ಕಣ್ಣು ಕಿವಿಗಳ ನಡುವಿನಿಂದ ಎಣ್ಣೆಯಂಥದ್ದು ಸೋರತೊಡಗಿತು, ಹಿಂಗಾಲಿನ ಮೇಲೆ ಹನಿ ಹನಿ ಉಚ್ಚೆ, ಕಣ್ಣಲ್ಲಿ ಯಾರ ಗುರುತೂ ಇಲ್ಲ. ಮದವಿರುವ ಗಂಡನ್ನು ಹೆಣ್ಣು ಒಪ್ಪುವುದು ನಿಜ. ಆದರೆ ಕಾಡಿನಲ್ಲಿ ಹೆಣ್ಣಿಗೆ ಓಡಲು ಜಾಗ ಇರುತ್ತದೆ, ನಮ್ಮ ಅಂಗಳದಲ್ಲಿ ಇರಲಿಲ್ಲ. ಅದಕ್ಕೆ ನಾನು ಕಾಳು, ಬೆಲ್ಲ ಎಲ್ಲ ನಿಲ್ಲಿಸಿ ಬರೀ ಒಣ ಹುಲ್ಲು, ನೀರು ಕೊಡಿ ಎಂದು ಬರೆದುಕೊಟ್ಟೆ. ಮೈ ಇಳಿದರೆ ಮದವೂ ಬೇಗ ಇಳಿಯುತ್ತದೆ.

ಕಾಕಾ ನನ್ನ ಚೀಟಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. "ಆಕಳಿಗಿ ಬಿಡೂ ಹೋರಿನ್ನ ಯಾರರೆ ಉಪಾಸ ಕೆಡವತಾರೇನವಾ? ಯರಗುಪ್ಪಿಯಾಕಿ ಆಗಿ ಹಿಂಗ ಬರೀತೀ?"

"ಇದು ಹೋರಿ ಅಲ್ರಿ ಕಾಕಾ," ಎಂದೆ. ಆದರೆ ಎಷ್ಟಾದರೂ ನಾನೂ ದನದ ಮನೆಯವಳು. ಹೋರಿಗೆ ನೆನೆಸಿದ ಹುರುಳಿ, ಬೆಲ್ಲ, ಗೊಟ್ಟದಲ್ಲಿ ಎಣ್ಣೆ ತತ್ತಿ ಕೊಟ್ಟು ಹದಿನೈದು ದಿನ ಮೈ ಕಟ್ಟಿಸಿ ಆಮೇಲೆ ಆಕಳಿಗೆ ಬಿಡುವುದನ್ನು ನೋಡುತ್ತಲೇ ಬೆಳೆದವಳು. ನನ್ನ ಬಾಯಿ ಓದಿದ್ದನ್ನು ಹೇಳುತ್ತಿತ್ತು, ಹೊಟ್ಟೆಯೊಳಗಿನದು ಅವನ ಮಾತಿಗೆ ಹೂಂಗುಟ್ಟುತ್ತಿತ್ತು.

ನಾಲ್ಕು ದಿನ ಕಳೆದು ಲದ್ದಿ ನೋಡಲು ಹೋದಾಗ ಅದರಲ್ಲಿ ಹುರುಳಿ ಕಂಡಿತು. ಒಂದೆರಡು ಕಾಳಲ್ಲ, ಹಿಡಿ ಹಿಡಿ. ಆನೆಯ ಹೊಟ್ಟೆಯಲ್ಲಿ ಅರ್ಧಕ್ಕರ್ಧ ಅರಗದೆ ಹೊರಗೆ ಬೀಳುತ್ತದೆ. ನಾನು ಬೂಟಿನ ತುದಿಯಿಂದ ಲದ್ದಿಯನ್ನು ಮುಚ್ಚಿದೆ. ಕಾಕಾ ದೂರದಲ್ಲಿ ನಿಂತು ಅದನ್ನು ನೋಡಿದ. ವರದಿಯಲ್ಲಿ 'ಒಣ ಮೇವು ಮಾತ್ರ' ಎಂದು ಬರೆದು ಸಹಿ ಹಾಕಿದೆ. ಏಕೆ ಹಾಗೆ ಮಾಡಿದೆ ಎಂದರೆ... ಅವನ ಮನಸ್ಸು ಮುರಿಯಬಾರದು ಎಂದುಕೊಂಡೆ. ಅಜ್ಜಂದಿರು ಮಾಡಿದ್ದು ಪೂರಾ ತಪ್ಪಿರಲಾರದು ಎಂದೂ ಅಂದುಕೊಂಡೆ. ಎರಡೂ ಕಳ್ಳ ನೆಪಗಳೇ.

ಬಂಗಾರಿಯ ಬೆದೆ ಬಂದ ಬೆಳಿಗ್ಗೆ ಗೌಡನ ಮದ ಇಳಿಯುವುದಿರಲಿ, ಇನ್ನೂ ಏರಿತ್ತು. ಈ ಮೂರು ದಿನ ತಪ್ಪಿದರೆ ಮತ್ತೆ ನಾಲ್ಕು ತಿಂಗಳು, ಅಷ್ಟರಲ್ಲಿ ಕಾಗದದ ಗಡುವು ಮುಗಿದಿರುತ್ತಿತ್ತು. ಬೇಡ ಎನ್ನುವ ಅಧಿಕಾರ ನನಗಿತ್ತು. ನಾನು ಗೇಟು ತೆಗೆಯಿರಿ ಎಂದೆ.

ಮೊದಲು ಎಲ್ಲವೂ ಚೆನ್ನಾಗಿಯೇ ಇತ್ತು. ಗೌಡ ಸೊಂಡಿಲು ಚಾಚಿ ಮೂಸಿತು, ತುದಿಯನ್ನು ಬಾಯಿಗೆ ಒಯ್ದಿತು. ಬಂಗಾರಿ ಗೌಡನತ್ತ ಹಿಂದೆ ಸರಿದು ನಿಂತಿತು. "ಆತು ನೋಡು, ಆತು," ಎಂದು ಕಾಕಾ ನನ್ನ ಕೈ ಹಿಡಿದುಕೊಂಡ. ಆಮೇಲೆ ಏನು ಹೆದರಿಕೆಯಾಯಿತೋ, ಬಂಗಾರಿ ಓಡಿತು. ಗೌಡ ಬೆನ್ನಟ್ಟಿತು. ನಿಲ್ಲು ಎಂದರೆ ನಿಲ್ಲುವ ಗೌಡ ಅವತ್ತು ಅಲ್ಲಿರಲಿಲ್ಲ. ಕಾಕಾ ಗೊಟ್ಟದಿಂದ ಸರಳಿಗೆ ಬಡಿದ, ಮತ್ತೆ ಬಡಿದ, "ಗೌಡಾ, ಲೇ ಗೌಡಾ!" ಎಂದು ಕೂಗಿದ. ಗೌಡನ ಒಂದೇ ನೂಕಿಗೆ ಬಂಗಾರಿ ಅಂಗಳದಂಚಿನ ಒಣ ಕಂದಕಕ್ಕೆ ಉರುಳಿತು. ಹಿಂಗಾಲು ಮುರಿಯಿತು. ಬಿದ್ದ ಆನೆಯನ್ನು ಎಬ್ಬಿಸುವುದು ಎಷ್ಟು ಕಷ್ಟವೆಂದು ನಾಲ್ಕು ದಿನ ನೋಡಿದೆವು. ಐದನೆಯ ದಿನ ಬೆಳಿಗ್ಗೆ ಅದು ಸತ್ತಿತು.

ವಿಚಾರಣೆಗೆ ಬಂದ ಸಾಹೇಬರು ಹಳೇ ಲದ್ದಿ ಕೆದಕಿಸಿ ಹುರುಳಿ ಹಿಡಿದರು. ನಿಮಗೆ ಗೊತ್ತಿತ್ತೇ ಎಂದು ನನ್ನನ್ನು ಕೇಳಿದರು.

"ಇಲ್ಲ ಸರ್," ಎಂದೆ.

ಕಾಕಾ ನನ್ನ ಪಕ್ಕದಲ್ಲೇ ನಿಂತಿದ್ದ. "ಹೌದ್ರಿ ಸಾಹೇಬ್ರ, ಆಕಿಗಿ ಗೊತ್ತಿರಲಿಲ್ರಿ. ನಂದ ತಪ್ಪ್ರಿ," ಎಂದ. ಅವನನ್ನು ಅವತ್ತೇ ಮನೆಗೆ ಕಳಿಸಿದರು. ನನ್ನ ನೌಕರಿ ಉಳಿಯಿತು.

ಗೌಡನನ್ನು ಒಯ್ಯಲು ಲಾರಿ ಬಂತು. ಅಷ್ಟರಲ್ಲಿ ಮದ ಇಳಿದಿತ್ತು, ಆದರೆ ಗೌಡ ಯಾರನ್ನೂ ಹತ್ತಿರ ಬಿಡಲಿಲ್ಲ. ಮೂರು ದಿನ ಒದ್ದಾಡಿದರು. ದೂರದಿಂದ ಮತ್ತಿನ ಸೂಜಿ ಹೊಡೆಯಲು ಹೋದರೆ ಗೋಡೆಗೆ ತಲೆ ಜಜ್ಜಿಕೊಳ್ಳುತ್ತಿತ್ತು. ಕೊನೆಗೆ, ಆ ಮುದುಕನನ್ನೇ ಕರೆಸಿ ಎಂದು ತಿರ್ಲಾಪುರಕ್ಕೆ ಜೀಪು ಕಳಿಸಿದರು.

ಕಾಕಾ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ತಲೆಗೆ ಹೊಸ ರುಮಾಲು ಸುತ್ತಿ, ಬಗಲಲ್ಲಿ ಗೊಟ್ಟ ಇಟ್ಟುಕೊಂಡು ಜೀಪಿನಿಂದ ಇಳಿದ. ಮತ್ತೆ ಕೆಲಸಕ್ಕೆ ಕರೆದಿದ್ದಾರೆ ಎಂದುಕೊಂಡು ಬಂದಿದ್ದ. ಅಲ್ಲ ಎಂದು ಹೇಳಬೇಕಾದವಳು ನಾನು. ಹೇಳಿದೆ. ಅವನು ಲಾರಿಯನ್ನು ನೋಡಿದ, ನನ್ನ ಕೈಯಲ್ಲಿದ್ದ ಸಿರಿಂಜನ್ನು ನೋಡಿದ.

"ಅಲ್ಲಿ ಸರಪಳಿ ಹಾಕ್ತಾರೇನವಾ?"

"ಇಲ್ರಿ ಕಾಕಾ. ಅಲ್ಲಿ ದೊಡ್ಡ ಅಂಗಳ ಐತ್ರಿ."

ನನ್ನ ಮಾತು ಖರೆ ಎಂದು ನಂಬಿದನೋ, ಗೋಡೆಗೆ ತಲೆ ಜಜ್ಜಿಕೊಳ್ಳುವುದನ್ನು ನೋಡಲಾರದೆ ಒಪ್ಪಿದನೋ ನನಗೆ ತಿಳಿಯದು. ಸರಳಿನ ಹತ್ತಿರ ಹೋಗಿ ಗೊಟ್ಟದಿಂದ ಎರಡು ಸಲ ಬಡಿದ. "ಗೌಡಾ, ಕಿವಿ ತಾ." ಮೂರು ದಿನದಿಂದ ಯಾರಿಗೂ ಮುಖ ಕೊಡದಿದ್ದ ಗೌಡ ಆ ಮೂಲೆಯಿಂದ ನಡೆದು ಬಂತು, ತಿರುಗಿತು, ಸಂದಿಯಿಂದ ಕಿವಿ ಚಾಚಿತು. ಕಾಕಾ ಅಂಗೈ ಇಟ್ಟ. ನಾನು ಮತ್ತಿನ ಔಷಧಿ ಚುಚ್ಚಿದೆ. ಗೌಡ ಅಲುಗಲಿಲ್ಲ. ರೆಪ್ಪೆ ಇಳಿದು, ಸೊಂಡಿಲು ಸಡಿಲಾಗಿ ನೆಲ ಮುಟ್ಟುವ ತನಕ ಕಾಕಾ ಕೈ ತೆಗೆಯಲಿಲ್ಲ. ಆಮೇಲೆ ಲಾರಿಯವರು ಸರಪಳಿ ಎಳೆದು ತಂದರು. ಆ ಸದ್ದು ಕೇಳಿದ್ದೇ ಕಾಕಾ ನನ್ನತ್ತ ತಿರುಗಿದ. ಬೈದಿದ್ದರೆ ಚೆನ್ನಾಗಿತ್ತು. ಜೀಪು ಹತ್ತದೆ, ಕಲಘಟಗಿ ದಾರಿ ಹಿಡಿದು ನಡೆದೇ ಹೋದ.

ತಿರ್ಲಾಪುರ ಇಲ್ಲಿಂದ ಎಷ್ಟು ದೂರ? ಮನಸ್ಸು ಮಾಡಿದ್ದರೆ ಒಂದು ಭಾನುವಾರದ ಕೆಲಸ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹೋಗಲಿಲ್ಲ. ಹತ್ತಿ ಬಿಡಿಸುವ ಕಾಲ ಮುಗಿಯಲಿ, ಮಳೆ ನಿಲ್ಲಲಿ ಎಂದು ಮುಂದೆ ಹಾಕುತ್ತಾ ಬಂದೆ... ನಾಚಿಕೆ ಎಂದು ನೇರವಾಗಿ ಹೇಳಿಕೊಳ್ಳಲೂ ನಾಚಿಕೆ.

ಗೊಟ್ಟ ಬಂದ ಮರುದಿನ ಆ ದೂರದ ಮೃಗಾಲಯಕ್ಕೆ ಫೋನು ಮಾಡಿದೆ. ಖುದ್ದು ಹೋಗಿ ಕೊಟ್ಟು, ಎರಡು ಸಲ ಬಡಿಯುವುದನ್ನು ಅಲ್ಲಿಯವರಿಗೆ ಕಲಿಸಿ ಬರುತ್ತೇನೆ ಎಂದು ರಜೆಯ ಅರ್ಜಿಯನ್ನೂ ಬರೆದಿಟ್ಟಿದ್ದೆ. ಫೋನೆತ್ತಿದ ಡಾಕ್ಟರ್ ಒಳ್ಳೆಯವನು, ದಾಖಲೆ ಹುಡುಕಿ ನೋಡಿ ಹೇಳಿದ. ಗೌಡ ಸತ್ತು ಎರಡು ಮಳೆಗಾಲ ಕಳೆದಿವೆಯಂತೆ. ಸರಪಳಿಯ ಗಾಯ ಕೀವಾಗಿ ಪಾದಕ್ಕಿಳಿದು, ಆಮೇಲೆ ಏಳಲಿಲ್ಲವಂತೆ. "ರಕ್ತ ತೆಗೆಯೋಕೆ ಒಂದು ಸಲವೂ ಹತ್ತಿರ ಬಿಡಲಿಲ್ಲ ಮೇಡಂ. ನಿಮ್ಮಲ್ಲಿ ಹೇಗೆ ತೆಗೀತಿದ್ರಿ?" ಎಂದು ಕೇಳಿದ. ನಾನು ಫೋನು ಇಟ್ಟುಬಿಟ್ಟೆ.

ನಿನ್ನೆ ಚಿಗವ್ವ ಯಾರದೋ ಮೊಬೈಲಿನಿಂದ ಮಾತಾಡಿದಳು.

"ಡಾಕ್ಟರವ್ವಾ, ಅದನ್ನ ಮುಟ್ಟಿಸಿದ್ಯೇನವಾ?"

ಗೊಟ್ಟ ನನ್ನೆದುರು ಮೇಜಿನ ಮೇಲೇ ಇತ್ತು. "ಹೂಂನ್ರಿ ಚಿಗವ್ವಾ. ನಾನ ಹೋಗಿದ್ದೆ."

ಚಿಗವ್ವ ಮೆಲ್ಲಗೆ, "ಬಡದಿ ಏನವಾ? ಕಿವಿ ತಂದನೇನು?" ಎಂದಳು.

"ತಂದನ್ರಿ," ಎಂದೆ.