ಗಂಧಕದ ನೀರಿನ ಬಚ್ಚಲುಮನೆ

ದೆವ್ವ, ಪವಾಡ ಎಂದರೆ ಮೂಗು ಮುರಿಯುವವಳು ನಾನು. ಯಾರಾದರೂ ಇಂಥ ಕಥೆ ಶುರು ಮಾಡಿದರೆ "ಸಾಕು, ಕಿವಿ ಮೇಲೆ ಹೂ ಇಡಬೇಡಿ" ಎನ್ನುತ್ತಿದ್ದೆ. ಈಗ ನಾನೇ ಬರೆಯಲು ಕೂತಿದ್ದೇನೆ. ನೀವು ನಂಬದಿದ್ದರೂ ನನಗೆ ಬೇಜಾರಿಲ್ಲ.

ಅಮೆರಿಕದ ಸೌತ್‌ಫೀಲ್ಡ್‌ನ ಒಂದು ಆಫೀಸಿನಲ್ಲಿ ನಾನು ಆರ್ಕಿಟೆಕ್ಟ್. ಹಳೇ ಕಟ್ಟಡ ಅಳೆದು, ಉಳಿಸಬೇಕೋ ಕೆಡವಬೇಕೋ ಎಂದು ರಿಪೋರ್ಟ್ ಬರೆಯುವುದು ಕೆಲಸ. ಐದು ವರ್ಷದ ಹಿಂದೆ ನನ್ನ ಗಂಡ ಪ್ರಕಾಶ್‌ಗೆ ಸ್ಟ್ರೋಕ್ ಆಯಿತು. ಬಲಗೈ ಮುಷ್ಟಿ ಕಟ್ಟಿಕೊಂಡದ್ದು ಬಿಚ್ಚಲೇ ಇಲ್ಲ. ಉಗುರು ಅಂಗೈಗೆ ಚುಚ್ಚಿ ಗಾಯವಾಗುತ್ತಿತ್ತು. ದಿನಾ ಬೆಳಿಗ್ಗೆ ಒಂದೊಂದೇ ಬೆರಳು ಎತ್ತಿ ತೊಳೆಯುತ್ತಿದ್ದೆ, ಅವರು ಹಲ್ಲು ಕಚ್ಚಿಕೊಂಡು ಅಳುತ್ತಿದ್ದರು. ಇಂಜೆಕ್ಷನ್, ಥೆರಪಿ ಏನು ಮಾಡಿಸಿದರೂ ಅಷ್ಟೇ.

ಇದು ನಡೆದ ಶನಿವಾರ ದೀಪಾವಳಿಯ ನೀರು ತುಂಬುವ ಹಬ್ಬ. ಹಬ್ಬ ಮಾಡುವ ಮನಸ್ಸಂತೂ ಇರಲಿಲ್ಲ. ಅವರನ್ನು ನೋಡಿಕೊಳ್ಳುವಾಕೆ ಕೈಕೊಟ್ಟಳು. ಮೌಂಟ್ ಕ್ಲೆಮೆನ್ಸ್‌ನ ಒಂದು ಹಳೇ ಸಾರ್ವಜನಿಕ ಬಚ್ಚಲುಮನೆಯ ರಿಪೋರ್ಟ್ ಸೋಮವಾರಕ್ಕೆ ಬೇಕೇ ಬೇಕು. ಕೆಲಸ ಹೋದರೆ ಇನ್ಶೂರೆನ್ಸೂ ಹೋದಂತೆ. ವಿಧಿಯಿಲ್ಲದೆ ಅವರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ನಮ್ಮ ಮನೆಯಿದ್ದ ಟ್ರಾಯ್‌ನಿಂದ ಮೌಂಟ್ ಕ್ಲೆಮೆನ್ಸ್‌ಗೆ ಡ್ರೈವ್ ಮಾಡಿದೆ.

ಒಂದು ಕಾಲಕ್ಕೆ ಆ ಊರಿಗೆ ಕೀಲುನೋವಿನವರು ರೈಲು ಹತ್ತಿ ಬರುತ್ತಿದ್ದರು. ಬಾವಿಯಿಂದ ಎತ್ತಿದ ಕಂದು ಬಣ್ಣದ ಉಪ್ಪುನೀರು, ಕೊಳೆತ ಮೊಟ್ಟೆಯ ವಾಸನೆ. ಅದನ್ನು ಕಾಯಿಸಿ ಮೀಯಿಸುತ್ತಿದ್ದರಂತೆ. ಮದ್ದು ಮಾತ್ರೆ ಬಂದ ಮೇಲೆ ಜನ ಬರುವುದು ನಿಂತಿತು, ಬಾವಿ ಮುಚ್ಚಿದರು, ಕಟ್ಟಡ ಗೋದಾಮಾಯಿತು. ಇಟ್ಟಿಗೆಯ ಗೋಡೆ, ಮೇಲೆ ಗಾಜಿನ ಸೂರು, ಗಂಡಸರಿಗೊಂದು ಹೆಂಗಸರಿಗೊಂದು ಉದ್ದ ಓಣಿ, ಅವುಗಳ ಎರಡೂ ಬದಿ ಬಿಳಿ ಟೈಲ್ಸಿನ ಪುಟ್ಟ ಕೋಣೆಗಳು, ಕೋಣೆಗೊಂದು ತೊಟ್ಟಿ. ಹಬೆ ಹೊರಗೆ ಹೋಗಲೆಂದು ನಡುಗೋಡೆಗಳನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಬುದ್ಧಿವಂತರು ಕಟ್ಟಿದ್ದು ಅನ್ನಿಸಿತು.

ಪ್ರಕಾಶ್ ತಲೆಗೂ ಹೆಲ್ಮೆಟ್ ಹಾಕಿ, "ಥೇಟ್ ಮೇಸ್ತ್ರಿ ಕಣ್ರೀ" ಎಂದು ಛೇಡಿಸಿ, ಗಂಡಸರ ಸಾಲಿನ ಓಣಿಯಲ್ಲಿ ವೀಲ್‌ಚೇರಿಗೆ ಬ್ರೇಕ್ ಹಾಕಿದೆ. ಹೆಂಗಸರ ಸಾಲು ಅಳೆಯಲು ಹೋದೆ. ಕಾಲು ಗಂಟೆ ಆಗಿರಬಹುದು.

ವಾಪಸ್ ಬಂದಾಗ ಅವರ ಬಲಗೈ ತೊಡೆ ಮೇಲೆ ಅಂಗಾತ ಬಿದ್ದಿತ್ತು. ಐದೂ ಬೆರಳು ಬಿಚ್ಚಿಕೊಂಡಿದ್ದವು. ಮೊಣಕೈವರೆಗೆ ಒದ್ದೆ. ಮುಟ್ಟಿದೆ, ಬೆಚ್ಚಗಿತ್ತು. ಕೊಳೆತ ಮೊಟ್ಟೆಯ ವಾಸನೆ ರಪ್ಪೆಂದು ಮೂಗಿಗೆ ಬಡಿಯಿತು.

"ಯಾರ್ರೀ ಬಂದಿದ್ರು?"

"ಗೊತ್ತಿಲ್ಲ ಕಣೇ. ಬಿಸಿನೀರು ಹಾಕಿದ್ರು. ನೋವೇ ಇಲ್ಲ ನೋಡು." ಅದೇ ಕೈಯಿಂದ ನನ್ನ ಕೆನ್ನೆ ಸವರಿದರು.

ಹುಚ್ಚಿ ಥರ ಕೋಣೆ ಕೋಣೆ ಹುಡುಕಿದೆ. ಎಲ್ಲ ಕಡೆ ಪೈಪು ಕತ್ತರಿಸಿ ಹಾಕಿದ್ದರು. ತೊಟ್ಟಿಗಳಲ್ಲಿ ಬೆರಳು ದಪ್ಪ ಧೂಳು. ನೆಲದ ಮೇಲೆ ನನ್ನ ಬೂಟಿನ ಗುರುತು, ವೀಲ್‌ಚೇರಿನ ಎರಡು ಗೆರೆ, ಇನ್ನೇನೂ ಇಲ್ಲ. ಮನೆ ಸೇರುವಷ್ಟರಲ್ಲಿ ಮುಷ್ಟಿ ಮತ್ತೆ ಬಿಗಿದುಕೊಂಡಿತು.

"ಇನ್ನೊಂದ್ಸಲ ಕರ್ಕೊಂಡು ಹೋಗೇ," ಎಂದರು.

ನಾನು ಹೆದರಿದ್ದೆ ಎಂಬುದು ನಿಜ. ಭಾನುವಾರ ಕೂತು ರಿಪೋರ್ಟ್ ಬರೆದೆ. ನೀರಿಲ್ಲ, ಸೂರು ಶಿಥಿಲ, ಉಳಿಸುವಂಥದ್ದೇನೂ ಇಲ್ಲ. ಒಂದಕ್ಷರವೂ ಸುಳ್ಳಲ್ಲ. ನನ್ನ ಗಂಡನ ಕೈ ಬಿಚ್ಚಿಕೊಂಡಿತು ಎಂದು ಬರೆಯಲಾಗುತ್ತದೆಯೇ? ಸಹಿ ಹಾಕಿ ಕಳಿಸಿದೆ. ಧೈರ್ಯ ಮಾಡಿ ಮತ್ತೆ ಹೋಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಒಬ್ಬಳೇ ಹೋಗಿದ್ದೆ. ಬೇಲಿಯೊಳಗೆ ಇಟ್ಟಿಗೆಯ ರಾಶಿ ಇತ್ತು. ಅಯ್ಯೋ ಪಾಪಿ, ಏನು ಮಾಡಿಬಿಟ್ಟೆ ಎಂದು ವ್ಯಾನಿನಲ್ಲಿ ಕೂತು ಗೋಳೋ ಎಂದು ಅತ್ತೆ.

ಅವರಿಗೆ ಹೇಳಲಿಲ್ಲ. ಬೆರಳು ಎತ್ತಿ ತೊಳೆಯುವಾಗೆಲ್ಲ "ಯಾವಾಗ ಹೋಗೋದು?" ಎಂದು ಕೇಳುತ್ತಿದ್ದರು. "ಮುಂದಿನ ವಾರ ಕಣ್ರೀ" ಎನ್ನುತ್ತಿದ್ದೆ. ಚಳಿಗಾಲ ಪೂರ್ತಿ ಹಾಗೇ ಹೇಳಿದೆ.

ಆ ನೀರು ಎಲ್ಲಿಂದ ಬಂತು, ಹಾಕಿದವರು ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ. ಮಾರ್ಚಿನಲ್ಲಿ ಒಂದು ಶುಕ್ರವಾರ ಅವರು ಹೋಗಿಬಿಟ್ಟರು. ಹಿಂದಿನ ದಿನ ನಾನು "ಶನಿವಾರ ಖಂಡಿತ" ಎಂದಿದ್ದೆ. ಅವರು ನಂಬಿದರು.

"ಹಾಗಾದ್ರೆ ಟವೆಲ್ ಮರೀಬೇಡ," ಎಂದರು.