ಕೋಡಿ ಮತ್ತು ಏರಿಯ ನಡುವೆ

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ವರ್ಷಗಟ್ಟಲೆ ಅಳತೆಯ ಯಂತ್ರದಲ್ಲಿ ಇಣುಕಿ ಹಾಗಾಗಿತ್ತೋ ಏನೋ, ನಮಗಂತೂ ಎಲ್ಲರನ್ನೂ ಗುಮಾನಿಯಿಂದ ನೋಡುವಂತೆ ಕಾಣುತ್ತಿತ್ತು.

ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಸರ್ವೆ ಕಲಿಸಿದ ಮೇಷ್ಟ್ರು ಅವರು. ತಾವರೆಕೆರೆಯ ಕುರಿಗಾಹಿಗಳ ಮನೆಯವರು. ಗೌಡಗೆರೆಯಿಂದ ಹೋಗಿ ಓದಿದ ನಾನು ಎಂಬತ್ತರ ದಶಕದ ಮೊದಲಲ್ಲಿ ಅಲ್ಲೇ ಅಧ್ಯಾಪಕಿಯಾದೆ.

ಕಾಲೇಜಿಗೆ ಇಪ್ಪತ್ತೈದು ತುಂಬಿದಾಗ ಅದರ ಚರಿತ್ರೆ, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಪರಿಚಯ ಬರೆಯುವ ಕೆಲಸ ನನಗೆ ಬಂತು. ಪಟ್ಟಿಯಲ್ಲಿ ಮೊದಲನೆಯವರು ನೀರಾವರಿಯ ದೊಡ್ಡ ಅಧಿಕಾರಿ. ಮೇಷ್ಟ್ರು ಆ ಹೆಸರಿನ ಮೇಲೆ ಬೆರಳಿಟ್ಟು, "ಇದನ್ನ ಸ್ವಲ್ಪ ತಡಿ" ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಆಗಲೇ ಅವರು ಪ್ರತಿ ಭಾನುವಾರ ಕಾಲೇಜಿನ ಲೆವೆಲ್ ಯಂತ್ರ ಹೊತ್ತು ಕೊರಟಗೆರೆ ಬಸ್ಸು ಹತ್ತುವುದನ್ನು ಕಂಡೆ. ಯಾರದೋ ಜಮೀನು ಕದ್ದು ಅಳೆಯುತ್ತಿದ್ದಾರೆಂದು ಪ್ರಿನ್ಸಿಪಾಲರಿಗೆ ಹೆಸರಿಲ್ಲದ ಕಾಗದ ಬರೆದೆ. ಅವರು ಅದನ್ನು ಮೇಷ್ಟ್ರಿಗೇ ತೋರಿಸಿ, ಜೊತೆಗೆ ಹೋಗಿ ನೋಡಿ ಬರಲು ನನ್ನನ್ನೇ ಕಳಿಸಿದರು.

ಹೊಳವನಹಳ್ಳಿಯಲ್ಲಿ ಇಳಿದು ಒಂದು ಕೆರೆಯ ಬಳಿಗೆ ನಡೆದೆವು. ಅದರ ಏರಿಯನ್ನು ಹೊಸದಾಗಿ ಎತ್ತರಿಸಿದ್ದು ಆ ದೊಡ್ಡ ಅಧಿಕಾರಿಯೇ. ಏರಿಯ ಕೆಳಗಿನ ಮನೆಯಿಂದ ಮುದುಕಿಯೊಬ್ಬಳು ಕುಡುಗೋಲು ಹಿಡಿದೇ ಬಂದಳು.

"ನಮ್ಮೂರೋರ ಕೈಲೇ ಕೋಲು ಹಿಡ್ಸಿ ವಾರವಾರ ಅಳೀತೀರಲ್ಲ, ಯಾರ ಜಮೀನ್ ತಗಳಾಕೆ?"

"ನಿಮ್ಮನೆಗೆ ನೀರು ನುಗ್ತದಾ ಅಂತ ನೋಡ್ತಿದೀನಿ ಕಣವ್ವ," ಎಂದರು ಮೇಷ್ಟ್ರು. ಅವಳು ನಂಬಲಿಲ್ಲ; ನಾವು ಹೊರಡುವವರೆಗೂ ಅಲ್ಲೇ ನಿಂತಿದ್ದಳು.

ಅಳತೆಕೋಲು ಅವರು ಹಿಡಿದರು, ನಾನು ಯಂತ್ರದಲ್ಲಿ ನೋಡಿದೆ. ನಕ್ಷೆಯ ಪ್ರಕಾರ ನೀರು ಹೊರಬೀಳುವ ಕೋಡಿಗಿಂತ ಏರಿ ಆರಡಿ ಎತ್ತರವಿರಬೇಕು. ನಾಲ್ಕೂವರೆ ಬಂತು.

"ಇನ್ನೊಂದ್ಸಲ ನೋಡಮ್ಮ. ನನ್ನ ಕಣ್ಣು ನಂಗೇ ನಂಬ್ಕೆ ಇಲ್ಲ."

ಮತ್ತೆ ನಾಲ್ಕೂವರೆ. ಅವರು ಏರಿಯ ಮೇಲೇ ಕೂತುಬಿಟ್ಟರು.

"ನಾನು ಕಲಿಸ್ದೋರಲ್ಲಿ ಅವ್ನೇ ಜಾಣ ಕಣಮ್ಮ. ನನ್ನ ಅಳತೇನೇ ತಪ್ಪಾಗಿರ್ಲಿ ಅಂತ ನಾಲ್ಕು ವಾರ ಬಂದೆ."

ಇಲಾಖೆಗೆ ಬರೆದ ಪತ್ರಕ್ಕೆ ಇಬ್ಬರೂ ಸಹಿ ಹಾಕಿದೆವು. ಮಳೆಗಾಲಕ್ಕೆ ಮೊದಲೇ ಏರಿಗೆ ಮಣ್ಣು ಬಿತ್ತು. ಆದರೆ ಪಟ್ಟಿಯಿಂದ ಆ ಹೆಸರು ತೆಗೆಯಲು ಪ್ರಿನ್ಸಿಪಾಲರು ಒಪ್ಪಲಿಲ್ಲ.

"ಹಂಗಾದ್ರೆ ಚರಿತ್ರೇಲಿ ನನ್ನ ಹೆಸ್ರು ತೆಗಿ. ಅವ್ನಿಗೆ ಕಲಿಸ್ದೋನು ನಾನು," ಎಂದರು ಮೇಷ್ಟ್ರು. ಮನಸ್ಸಿಲ್ಲದೆ ತೆಗೆದೆ.

ಅವರು ನಿವೃತ್ತರಾದ ಮೇಲೆ, ಆ ಹೆಸರಿಲ್ಲದ ಕಾಗದ ಬರೆದವಳು ನಾನೇ ಎಂದು ಹೇಳಲು ತಾವರೆಕೆರೆಗೆ ಎರಡು ಸಲ ಹೋದೆ. ಎರಡು ಸಲವೂ ಕಾಫಿ ಕುಡಿದು ಎದ್ದೆ. ಎರಡನೆಯ ಸಲ ಬಸ್ಸಿನವರೆಗೂ ಬಂದರು.

"ಆ ಕಾಗದ ಬರೆದೋರು ಒಳ್ಳೇದೇ ಮಾಡಿದ್ರು ಕಣಮ್ಮ. ನಾನೊಬ್ನೇ ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ."

ಅವರಿಗೆ ಗೊತ್ತಿತ್ತೇ? ಕೇಳುವ ಮೊದಲೇ ಬಸ್ಸು ಹೊರಟಿತು. ಮುಂದಿನ ಸಲ ನಾನು ತಾವರೆಕೆರೆಗೆ ಹೋದದ್ದು ಅವರ ಮಣ್ಣಿಗೆ.