ಆಚೆಗೆ ತಿರುಗಿಸಿದರೆ ಆಚೆ

ಪೇಟೆಬೀದಿ ಅಂದ ಮೇಲೆ ಗುಂಡಿ, ದಾರ, ರಿಬ್ಬನ್ನು ಮಾರುವ ಅಂಗಡಿ ಒಂದಾದರೂ ಇರುತ್ತದೆ ಅನ್ನಿ. ಈ ಬೀದಿಯಲ್ಲೂ ಇತ್ತು. ಆದರೆ ಆ ಅಂಗಡಿಗೆ ಬೀದಿಯ ಕಡೆ ಇದ್ದದ್ದೇ ಒಂದು ಕಿಟಕಿ, ಆ ಕಿಟಕಿಯಲ್ಲಿ ಗುಂಡಿಯೂ ಇರಲಿಲ್ಲ, ರಿಬ್ಬನ್ನೂ ಇರಲಿಲ್ಲ. ಅಲ್ಲಿ ಯಜಮಾನಿಯ ಗಂಡ ಕೂತಿರುತ್ತಿದ್ದ. ಒಂದು ಕಣ್ಣಿಗೆ ಭೂತಗನ್ನಡಿ, ಬಾಯಲ್ಲಿ ಒಂದು ಸ್ಪ್ರಿಂಗು, ಕೈಯಲ್ಲಿ ಯಾರದೋ ತಾತನ ಪೆನ್ಸಿಲು.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸೀಸಪ್ಪ ಅಂತ. ಮೊದಲು ಅವನು ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರ ವಿಭಾಗದಲ್ಲಿ ಸಾಮಾನು ಕೊಡುವ ಕೆಲಸದಲ್ಲಿದ್ದ. ಇಳಿಜಾರು ಹಲಗೆಯ ಮೇಲೆ ಬಗ್ಗಿ ಗೆರೆ ಎಳೆಯುವವರಿಗೆ ಕಾಗದ, ರಬ್ಬರು, ಪೆನ್ಸಿಲು ಒದಗಿಸಬೇಕು. ಪೆನ್ಸಿಲು ಅಂದರೆ ಹೆರೆಯುವ ಮರದ್ದಲ್ಲ. ಹಿತ್ತಾಳೆಯದೋ ಉಕ್ಕಿನದೋ ಮೈ, ಒಳಗೊಂದು ತಿರುಪು, ಟೋಪಿ ತಿರುಗಿಸಿದರೆ ಮೂತಿಯಿಂದ ಸೀಸದ ಕಡ್ಡಿ ಇಣುಕಬೇಕು, ಅಂಥದ್ದು. ಕೆಟ್ಟದ್ದನ್ನು ಬುಟ್ಟಿಗೆ ಹಾಕು ಅಂದರೆ ಇವನಿಗೆ ಕೈ ಬರುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಒಂದೊಂದನ್ನೇ ಬಿಚ್ಚಿ, ಅದರ ಹೊಟ್ಟೆ ನೋಡಿ, ಜೋಡಿಸಿ ಕಲಿತ. ಮುಂದೆ ಹಲಗೆಗಳು ಹೋಗಿ ಕಂಪ್ಯೂಟರಿನ ಪರದೆಗಳು ಬಂದವು. ಹಲಗೆ ಗುಜರಿಗೆ ಹೋಯಿತು, ಪೆನ್ಸಿಲುಗಳು ಒಂದು ಬಕೆಟ್ಟಿನಲ್ಲಿ ಸೀಸಪ್ಪನ ಜೊತೆ ಮನೆಗೆ ಬಂದವು.

"ಎಲ್ಲರ ಗಂಡಂದಿರೂ ಕೆಲಸ ಬಿಡುವಾಗ ಗಡಿಯಾರ ತರ್ತಾರೆ. ನಮ್ಮವರು ಬಕೆಟ್ ತಂದ್ರು," ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಕಿಟಕಿಯ ಮೇಜಿನ ಮೇಲೆ ಸೈಕಲ್ ಚಕ್ರದ ಕಡ್ಡಿಯನ್ನು ಅರೆದು ಮಾಡಿದ ಸೂಜಿಗಳು, ಹಲ್ಲಿನ ಡಾಕ್ಟರು ಬೇಡವೆಂದು ಕೊಟ್ಟ ಕೊಕ್ಕೆಗಳು, ಒಂದು ಸ್ಪಿರಿಟ್ ದೀಪ, ಒಂದು ತುಂಡು ಅರಗು. ಮೂತಿಯಲ್ಲಿ ಸೀಸ ಕಚ್ಚಿಕೊಂಡಿದ್ದರೆ ಅದನ್ನು ಬಿಸಿನೀರಿನ ಲೋಟದಲ್ಲಿ ನೆನೆಹಾಕಬೇಕು. ಮಾತಿನ ಭರದಲ್ಲಿ ಎಷ್ಟೋ ಸಲ ಅವನು ಅದ್ದಿದ್ದು ಹೆಂಡತಿಯ ಚಹಾದಲ್ಲಿ. ಅವಳು ಒಂದು ಗುಟುಕು ಕುಡಿದು, "ಇವತ್ತು ಉಕ್ಕಿಂದೋ ಹಿತ್ತಾಳೇದೋ?" ಅಂತ ಕೇಳುವಷ್ಟು ಪಳಗಿದ್ದಳು.

ಕೆಲಸ ಮುಗಿದ ಮೇಲೆ ಅವನದೊಂದು ಶಾಸ್ತ್ರವಿತ್ತು. ಗಿರಾಕಿಯ ಮುಂದೆ ಪೆನ್ಸಿಲನ್ನು ಅಡ್ಡಲಾಗಿ ಹಿಡಿದು, ಟೋಪಿಯನ್ನು ಹೆಬ್ಬೆರಳಿನಿಂದ ತನ್ನ ಎದೆಯಿಂದ ಆಚೆಗೆ ಉರುಳಿಸುತ್ತಿದ್ದ. ಸೀಸ ಹೊರಗೆ ಬರುತ್ತಿತ್ತು. ಎದೆಯ ಕಡೆಗೆ ಉರುಳಿಸಿದರೆ ಒಳಗೆ ಹೋಗುತ್ತಿತ್ತು. "ಆಚೆಗೆ ತಿರುಗಿಸಿದರೆ ಆಚೆ, ಈಚೆಗೆ ತಿರುಗಿಸಿದರೆ ಒಳಗೆ. ಇಷ್ಟು ನೆನಪಿದ್ರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ," ಅನ್ನುತ್ತಿದ್ದ. ಕಿಟಕಿಗೆ ಅಂಟಿಸಿದ ಬೋರ್ಡಿನಲ್ಲಿ ಅವನೇ ದಪ್ಪಕ್ಷರದಲ್ಲಿ ಬರೆದಿದ್ದ: 'ಒಮ್ಮೆ ಬನ್ನಿ. ಮತ್ತೆ ಬರಬೇಡಿ.'

"ಗುಂಡಿ ತಗೊಳ್ಳೋಕೆ ಬಂದವರೂ ಅದನ್ನ ಓದಿ ವಾಪಸ್ ಹೋಗ್ತಾರೆ ರೀ," ಅಂತ ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅವಳ ಕಣ್ಣು ಬಹಳ ದಿನದಿಂದ ಆ ಕಿಟಕಿಯ ಮೇಲಿತ್ತು. ಬಣ್ಣಬಣ್ಣದ ರಿಬ್ಬನ್ನು ಅಲ್ಲಿ ಇಳಿಬಿಟ್ಟರೆ ಬೀದಿಯೇ ಒಳಗೆ ಬರುತ್ತದೆ ಅಂತ ಅವಳ ಲೆಕ್ಕಾಚಾರ. ಒಂದು ದಿನ ಮಾತಿಗೆ ಮಾತು ಬೆಳೆದು ಸೀಸಪ್ಪ ಎದೆ ತಟ್ಟಿಕೊಂಡ: "ನೋಡೇ, ನಾನು ರಿಪೇರಿ ಮಾಡಿದ ಪೆನ್ಸಿಲ್ ಅದೇ ರೋಗ ತಗೊಂಡು ಮೂರು ಸಲ ವಾಪಸ್ ಬಂದ್ರೆ ಕಿಟಕಿ ನಿಂದು. ನಾನು ಒಳಗೆ ಗೋಡೌನಲ್ಲಿ ದಾರದುಂಡೆ ಎಣಿಸ್ಕೊಂಡು ಕೂತ್ಕೋತೀನಿ."

"ಆಣೆಗೂ?"

"ಆಣೆಗೂ!"

ಗೋಡೌನು ಅಂದರೆ ಬೆಳಕಿಲ್ಲದ ಕೋಣೆ. ಅಲ್ಲಿ ಕೂತು ಕೂದಲೆಳೆಯಷ್ಟು ಸಣ್ಣ ಸೀಸ ನೋಡುವುದು ಆಗದ ಮಾತು. ಕಿಟಕಿ ಹೋದರೆ ಕಸುಬೇ ಹೋದಂತೆ. ಅದು ಗೊತ್ತಿದ್ದೇ ಅವನು ಬಾಜಿ ಕಟ್ಟಿದ್ದು, ಅಷ್ಟು ನಂಬಿಕೆ ತನ್ನ ಕೈಯ ಮೇಲೆ.

ಬೀದಿಯ ಆ ತುದಿಯಲ್ಲಿ ಪಟಕ್ಕೆ ಕಟ್ಟು ಹಾಕುವ ಅಂಗಡಿ. ಅದನ್ನು ನಡೆಸುವವರು ಇಬ್ಬರು ವಾರಗಿತ್ತಿಯರು. ಅವರ ಅತ್ತೆ ಅಂಗಡಿಯನ್ನು ಸೊಸೆಯರಿಗೆ ವಹಿಸುವಾಗ ತಾನು ಗುರುತು ಹಾಕುತ್ತಿದ್ದ ಬೆಳ್ಳಿಬಣ್ಣದ ತಿರುಪಿನ ಪೆನ್ಸಿಲನ್ನೂ ಕೊಟ್ಟು, "ಇಬ್ಬರಿಗೂ ಸೇರಿ ಒಂದೇ. ಹಂಚ್ಕೊಂಡು ಬಾಳಿ," ಅಂದಿದ್ದಳು. ಅದೇ ತಪ್ಪಾಯಿತು ನೋಡಿ. ಅವರಿಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಒಬ್ಬಳು ಇನ್ನೊಬ್ಬಳಿಗೆ ಏನಾದರೂ ಹೇಳಬೇಕಾದರೆ ಎದುರಿಗಿದ್ದ ಗಿರಾಕಿಯ ಮೂಲಕವೇ ಹೇಳಬೇಕು.

ಮೊದಲು ಪೆನ್ಸಿಲು ತಂದವಳು ದೊಡ್ಡ ಸೊಸೆ. ಹಳೇ ಸೀಸ ಕಚ್ಚಿಕೊಂಡಿತ್ತು. ಸೀಸಪ್ಪ ತೆಗೆದ, ಹೊಸದು ತುಂಬಿದ, ಶಾಸ್ತ್ರ ಹೇಳಿ ಕಳಿಸಿದ. ಕೆಲವು ದಿನಕ್ಕೇ ಅದು ವಾಪಸು ಬಂತು. ಟೋಪಿ ಒಳಗಿನ ತಿರುಪನ್ನು ಬಿಟ್ಟು ಸುಮ್ಮನೆ ಗಿರಗಿರ ಸುತ್ತುತ್ತಿತ್ತು.

"ನಂದೇನಿಲ್ಲ ಅಣ್ಣ. ಎಲ್ಲಾ ಆ ಮಹಾತಾಯೀದು," ಅಂದಳು ದೊಡ್ಡವಳು.

ಸೀಸಪ್ಪ ಅರಗು ಕಾಯಿಸಿ ಟೋಪಿಯನ್ನೂ ತಿರುಪನ್ನೂ ಬೆಸೆದು ಕೊಟ್ಟ. ಮತ್ತೆ ಬಂತು. ಅದೇ ಗಿರಗಿರ. ಈ ಸಲ ತಂದವಳು ಚಿಕ್ಕ ಸೊಸೆ. "ಅಣ್ಣ, ಅಕ್ಕ ಗಿರಾಕಿ ಮೂಲಕ ಹೇಳಿಸಿದ ನಿಮ್ಮ ಮಾತನ್ನ ಅಕ್ಷರಕ್ಕೆ ಅಕ್ಷರ ಮಾಡಿದೀನಿ. ಅಕ್ಕ ಬೇಕಂತ್ಲೇ ಕೆಡಿಸಿ ನನ್ನ ಕೈಗೆ ಕೊಡ್ತಾರೆ."

ಅವನು ಮತ್ತೆ ಬೆಸೆದು, ಅವಳೆದುರೇ ಹತ್ತಾರು ಸಲ ತಿರುಗಿಸಿ ನೋಡಿ ಕೊಟ್ಟ. ಬೆಣ್ಣೆಯ ಹಾಗೆ ತಿರುಗಿತು. ಆದರೂ ರಾತ್ರಿ ಊಟ ಸೇರಲಿಲ್ಲ. ಕೈ ಕೆಟ್ಟಿತೇ? ಕಣ್ಣು ಮಂಜಾಯಿತೇ? ಹೆಂಡತಿ ರಿಬ್ಬನ್ನಿನ ಸುರುಳಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮತ್ತೊಂದು ಬೆಳಿಗ್ಗೆ ಚಿಕ್ಕ ಸೊಸೆ ಮೆಟ್ಟಿಲು ಹತ್ತಿದಳು, ಕೈಯಲ್ಲಿ ಅದೇ ಗಿರಗಿರ ಸುತ್ತುವ ಪೆನ್ಸಿಲು. ಅವಳು ಬಾಯಿ ಬಿಡುವ ಮೊದಲೇ ಹೆಂಡತಿ ಗೋಡೆಯಿಂದ ಅಳತೆಪಟ್ಟಿ ಇಳಿಸಿ ಕಿಟಕಿಯ ಅಗಲ ಅಳೆಯಲು ಶುರುಮಾಡಿದಳು.

"ಸ್ವಲ್ಪ ತಡಿಯೇ! ರೋಗಿ ಇನ್ನೂ ಉಸಿರಾಡ್ತಿದೆ."

"ಮಾತು ಅಂದ್ರೆ ಮಾತು ರೀ. ಕಾಲು ಎತ್ತಿ, ಇಲ್ಲೂ ಅಳೀಬೇಕು."

ಸೀಸಪ್ಪ ಅಲ್ಲೇ ಕೂತು ಪೆನ್ಸಿಲನ್ನು ಇನ್ನೊಮ್ಮೆ ಬೆಸೆದ. ಅರಗು ಆರಿದ್ದೇ ತಡ ಅದನ್ನು ಜೇಬಿಗೆ ಹಾಕಿಕೊಂಡು, "ಹಾಳಾಗೋದು ನನ್ನ ಕಣ್ಣೆದುರೇ ಹಾಳಾಗಲಿ. ನಡಿಯಮ್ಮ ನಿಮ್ಮಂಗಡಿಗೆ," ಅಂತ ಹೊರಟ. ಹೆಂಡತಿಯೂ ಅಂಗಡಿಗೆ ಚಿಲಕ ಹಾಕಿ ಹಿಂದೆಯೇ ಬಂದಳು. ಗೆದ್ದವರು ಕೊನೆಯವರೆಗೂ ನೋಡದೆ ಇರುತ್ತಾರೆಯೇ?

ಕಟ್ಟಿನ ಅಂಗಡಿಯಲ್ಲಿ ಗೋಡೆ ತುಂಬ ಮರದ ಪಟ್ಟಿಗಳು, ಗಾಜು ಕೊಯ್ಯುವ ಮೇಜು, ಮೂಗಿಗೆ ಅಂಟಿನ ವಾಸನೆ. ದೊಡ್ಡವಳು ಸೀಸಪ್ಪನನ್ನೇ ಗಿರಾಕಿ ಮಾಡಿಕೊಂಡು, "ಅಣ್ಣ, ಪಟ್ಟಿ ಕೊಯ್ಯೋ ರಂಪ ಎಲ್ಲಿ ಬಚ್ಚಿಟ್ಟಿದಾರೆ ಅಂತ ಅವರನ್ನ ಕೇಳಿ," ಅಂದಳು.

"ಅವರ ಮೂಗಿನ ಕೆಳಗೇ ಇದೆ ಅಂತ ಹೇಳಿ ಅಣ್ಣ," ಅಂದಳು ಚಿಕ್ಕವಳು.

"ಅದೆಲ್ಲ ಆಮೇಲೆ. ಮೊದಲು ಇದನ್ನ ತಿರುಗಿಸಿ," ಅಂತ ಪೆನ್ಸಿಲನ್ನು ದೊಡ್ಡವಳ ಕೈಗೆ ಕೊಟ್ಟ. ಅವಳು ಬಲಗೈಯಲ್ಲಿ ಟೋಪಿ ಹಿಡಿದು, "ಆಚೆಗೆ ತಿರುಗಿಸಿದರೆ ಆಚೆ," ಅಂತ ಉರುಳಿಸಿದಳು. ಸೀಸ ಬಂತು. ಈಚೆಗೆ ಉರುಳಿಸಿ ಒಳಗೆ ಕಳಿಸಿದಳು. "ಈಗ ಅವರಿಗೆ ಕೊಡಿ. ತಮಾಷೆ ನೋಡಿ," ಅಂದಳು.

ಚಿಕ್ಕವಳು ಇಸಿದುಕೊಂಡಳು. ಮೈಯನ್ನು ಬಲಗೈಗೆ ಕೊಟ್ಟು ಎಡಗೈಯ ಹೆಬ್ಬೆರಳನ್ನು ಟೋಪಿಯ ಮೇಲಿಟ್ಟಳು. "ಆಚೆಗೆ ತಿರುಗಿಸಿದರೆ ಆಚೆ," ಅಂತ ಭಕ್ತಿಯಿಂದ ಎದೆಯಿಂದ ಆಚೆಗೆ ಉರುಳಿಸಿದಳು. ಸೀಸ ಬರಲಿಲ್ಲ. ಇನ್ನಷ್ಟು ಉರುಳಿಸಿದಳು. ಬರಲಿಲ್ಲ. ತುಟಿ ಕಚ್ಚಿ ಬಲ ಹಾಕಿದಳು.

"ನಿಲ್ಸಮ್ಮಾ!" ಸೀಸಪ್ಪ ಕೂಗಿದ ಕೂಗಿಗೆ ಗಾಜುಗಳು ನಡುಗಿದವು. "ನೀನು ಎಡಚೀನಾ?"

"ಹುಟ್ಟಿದಾಗಿಂದ. ಯಾಕಣ್ಣ?"

ಸೀಸಪ್ಪ ಪೆನ್ಸಿಲು ಇಸಿದುಕೊಂಡು ಒಮ್ಮೆ ಬಲಗೈಯಲ್ಲಿ ಟೋಪಿ ಹಿಡಿದು ಆಚೆಗೆ ಉರುಳಿಸಿದ, ಸೀಸ ಹೊರಗೆ. ತಿರುವಿ ಹಿಡಿದು ಎಡಗೈಯಲ್ಲಿ ಆಚೆಗೆ ಉರುಳಿಸಿದ, ಸೀಸ ಒಳಗೆ. ಒಬ್ಬಳ ಆಚೆ ಇನ್ನೊಬ್ಬಳ ಈಚೆ! ಪಾಪ, ಅವಳು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಕ್ಕೇ ತಿರುಪು ಒಳಗಿನ ತುದಿ ಮುಟ್ಟಿ ಅರಗು ಬಿಡುತ್ತಿತ್ತು. ಕಾರ್ಖಾನೆಯಲ್ಲಿ ಅಷ್ಟು ಜನಕ್ಕೆ ಈ ಶಾಸ್ತ್ರ ಹೇಳಿದ್ದ. ಎಡಗೈಯವರು ಇರಲಿಲ್ಲವೋ, ಇದ್ದವರು ಇವನ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲವೋ!

ಅವನು ತಲೆಯ ಮೇಲೆ ಕೈ ಹೊತ್ತು ಮರದ ಪಟ್ಟಿಗಳ ಕಟ್ಟಿನ ಮೇಲೆ ಕೂತು ನಗಲು ಶುರುಮಾಡಿದ. ವಾರಗಿತ್ತಿಯರಿಬ್ಬರೂ ಮುಖ ಮುಖ ನೋಡಿಕೊಂಡರು.

"ಮತ್ತೆ ನೀನು ಕೆಡಿಸ್ತಿರಲಿಲ್ವೇನೇ?" ಅಂದಳು ದೊಡ್ಡವಳು, ನೇರವಾಗಿ ಅವಳಿಗೇ.

"ನೀವು ಕೆಡಿಸಿ ಕೊಡ್ತಿರಲಿಲ್ವಾ ಅಕ್ಕಾ?"

ನಡುವೆ ಗಿರಾಕಿಯಿಲ್ಲದೆ ಮಾತಾಡಿದ್ದು ಇಬ್ಬರಿಗೂ ಆಮೇಲೆ ಅರಿವಾಗಿ, ಒಬ್ಬಳು ರಂಪ ಹುಡುಕಲು ಹೋದಳು, ಇನ್ನೊಬ್ಬಳು ಅಂಟಿನ ಡಬ್ಬಿ ತೆಗೆಯಲು.

ಸೀಸಪ್ಪನ ಹೆಂಡತಿ ಆ ಡಬ್ಬಿಯನ್ನೇ ನೋಡುತ್ತಿದ್ದಳು. "ರೀ, ಡಬ್ಬಿ ಮುಚ್ಚಳ ಎಡಚಿಗೊಂದು ಬಲಚಿಗೊಂದು ಅಂತ ಯಾರೂ ಮಾಡಿಲ್ವಲ್ಲ. ಎಲ್ಲರೂ ಒಂದೇ ಕಡೆ ತಿರುಗಿಸಿ ಮುಚ್ತಾರೆ. ಮುಚ್ಚಳ ಮುಚ್ಚೋ ಹಾಗೆ ತಿರುಗಿಸಿದ್ರೆ ಸೀಸ ಆಚೆ, ತೆಗೆಯೋ ಹಾಗೆ ತಿರುಗಿಸಿದ್ರೆ ಒಳಗೆ. ಹಾಗನ್ನೋಕೆ ನಿಮಗೇನು ಧಾಡಿ?"

ಚಿಕ್ಕವಳು ಹಾಗೇ ತಿರುಗಿಸಿದಳು. ಮೂತಿಯಿಂದ ಸೀಸ ಇಣುಕಿತು. "ಬಂತು!" ಅಂತ ಅವಳು ಕುಣಿದೇಬಿಟ್ಟಳು.

ಹಿಂದಿರುಗುವಾಗ ದಾರಿಯುದ್ದಕ್ಕೂ ಸೀಸಪ್ಪನದು ಒಂದೇ ವಾದ: "ನೋಡಿದ್ಯಾ? ಕೈ ಕೆಟ್ಟಿರಲಿಲ್ಲ. ಕಿಟಕಿ ನಂದೇ."

"ಕೈ ಕೆಟ್ಟಿರಲಿಲ್ಲ, ಬಾಯಿ ಕೆಟ್ಟಿತ್ತು. ಅದೂ ನಿಮ್ಮದೇ ತಾನೇ? ಪೆನ್ಸಿಲ್ ಮೂರು ಸಲ ಬಂದಿದ್ದು ಬಂದಿದ್ದೇ," ಅಂದಳು ಅವಳು. ಬಾಗಿಲ ಚಿಲಕ ತೆಗೆಯುತ್ತಾ ಮುಖ ತುಸು ಮೆತ್ತಗಾಯಿತು. "ಹೋಗಲಿ. ಕಿಟಕಿ ಕೆಳಗಿನ ಅರ್ಧ ನಿಮ್ಮ ಕೈಗೆ, ಮೇಲಿನ ಅರ್ಧ ನಂಗೆ."

ಈಗ ಆ ಕಿಟಕಿಯಲ್ಲಿ ಕೆಂಪು, ಹಳದಿ, ನೀಲಿ ರಿಬ್ಬನ್ನುಗಳು ಇಳಿಬಿದ್ದಿವೆ. ಅವುಗಳ ಕೆಳಗೆ ಒಂದು ಬೋಳುತಲೆ, ಗಾಳಿ ಬಂದರೆ ರಿಬ್ಬನ್ನಿನ ತುದಿ ಅದಕ್ಕೆ ಕಚಗುಳಿಯಿಡುತ್ತದೆ. ಬೋರ್ಡು ಮಾತ್ರ ಇನ್ನೂ ಹಾಗೇ ಇದೆ.

ಮೊನ್ನೆ ಚಿಕ್ಕ ಸೊಸೆ ಮತ್ತೆ ಮೆಟ್ಟಿಲು ಹತ್ತಿದಳು. ಸೀಸಪ್ಪನ ಬಾಯಲ್ಲಿದ್ದ ಸ್ಪ್ರಿಂಗು ಚಿಮ್ಮಿ ಮೇಜಿನಡಿ ಹೋಯಿತು. ಹೆಂಡತಿಯ ಕೈ ಅಳತೆಪಟ್ಟಿಯ ಕಡೆ ಹೋಯಿತು.

"ಪೆನ್ಸಿಲ್ ಅಲ್ಲಣ್ಣ, ಹೆದರಬೇಡಿ," ಅಂದಳು ಅವಳು. "ಅಕ್ಕನ ರವಿಕೆಗೆ ಗುಂಡಿ ಬೇಕಂತೆ. ನನ್ನೇ ಕಳಿಸಿದ್ರು."